ಕರೆಂಟಿಗೂ ಒಬ್ಬ ನೀರುಗಂಟಿ ಬೇಕು
(ಹಾಲು ಸಂಘಗಳಲ್ಲಿ ಸೌರ ವಿದ್ಯುತ್, ಬ್ಯಾಟರಿ ಮತ್ತು ಹರಿವಿನ ಹತೋಟಿ)



ಪಶುವೈದ್ಯರಾದವರು ಮೇವು, ಗರ್ಭಧಾರಣೆ, ಕೆಚ್ಚಲು ಬಾವು ಮುಂತಾದವುಗಳ ಬಗ್ಗೆ ಬರೆಯುವುದು ವಾಡಿಕೆ. ಈ ಸಲ ವಿದ್ಯುತ್ತಿನ ಬಗ್ಗೆ ಬರೆಯಲು ಕಾರಣವಿದೆ. ಚೆನ್ನಾಗಿ ಸಾಕಿದ ಹಸು, ಶುದ್ಧವಾಗಿ ಕರೆದ ಹಾಲು, ತೊಳೆದ ಕ್ಯಾನು ಇಷ್ಟೆಲ್ಲ ಇದ್ದರೂ ಸಂಘದಲ್ಲಿ ಕರೆಂಟು ಹೋಗಿ ಹಾಲು ತಣ್ಣಗಾಗದಿದ್ದರೆ ದಿನದ ದುಡಿಮೆ ಹಾಳಾಗುತ್ತದೆ. ಆದ್ದರಿಂದ ಅನೇಕ ಸಂಘಗಳು ಚಾವಣಿಯ ಮೇಲೆ ಸೌರ ಫಲಕ, ಒಳಗೆ ಬ್ಯಾಟರಿ ಇಡುವ ಯೋಚನೆಯಲ್ಲಿವೆ. ಹಣ ಖರ್ಚು ಮಾಡುವ ಮೊದಲು ಒಂದು ಮಾತು ತಿಳಿದಿರಬೇಕು: ಎಷ್ಟು ಕರೆಂಟು ಕೂಡಿಟ್ಟಿದ್ದೇವೆ ಎನ್ನುವುದಕ್ಕಿಂತ, ಅದು ಯಾವಾಗ, ಯಾವ ದಿಕ್ಕಿಗೆ, ಯಾವ ಕೆಲಸಕ್ಕೆ ಹರಿಯುತ್ತದೆ ಎನ್ನುವುದೇ ಮುಖ್ಯ.

ಹಾಲಿನ ವೇಳೆ ಬೇರೆ, ಬಿಸಿಲಿನ ವೇಳೆ ಬೇರೆ

ಹಸುವಿನ ಕೆಚ್ಚಲಿನಿಂದ ಬರುವಾಗ ಹಾಲು ದೇಹದ ಬಿಸಿಯಲ್ಲೇ ಇರುತ್ತದೆ. ಹಸಿ ಹಾಲಿನಲ್ಲಿ ಸೂಕ್ಷ್ಮಾಣುಗಳನ್ನು ತಡೆಯುವ ಸಹಜ ಶಕ್ತಿ ಸ್ವಲ್ಪ ಇದೆ. ಆದರೆ ಬೆಚ್ಚಗಿನ ಹಾಲಿನಲ್ಲಿ ಅದು ಎರಡು ಮೂರು ಗಂಟೆಗಿಂತ ಹೆಚ್ಚು ಉಳಿಯದು. ಆನಂತರ ಸೂಕ್ಷ್ಮಾಣುಗಳು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾದರೂ 4 ಗಂಟೆಯಲ್ಲಿ ಒಂದು ಇದ್ದದ್ದು 256 ಆಗುತ್ತದೆ. ಆದ್ದರಿಂದಲೇ ಬಲ್ಕ್ ಮಿಲ್ಕ್ ಕೂಲರ್, ಅಂದರೆ ನಾವು ಬಿ.ಎಂ.ಸಿ. ಎನ್ನುವ ತೊಟ್ಟಿಯಲ್ಲಿ ಹಾಲನ್ನು ಬೇಗನೆ 4 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಬೇಕು. ಕೃಷ್ಣರಾಜಪುರ, ಬಿದರಹಳ್ಳಿ ಕಡೆಯ ಹಾಲು ಟಿನ್ ಫ್ಯಾಕ್ಟರಿ ಸುತ್ತಿನ ವಾಹನ ದಟ್ಟಣೆ ದಾಟಿ ಹೋಗಬೇಕಾದರೆ ಟ್ಯಾಂಕರ್ ಹೊರಡುವ ಮುನ್ನವೇ ಹಾಲು ತಣ್ಣಗಿರುವುದು ಇನ್ನಷ್ಟು ಅವಶ್ಯ.

ಇಲ್ಲಿಯೇ ತೊಡಕು. ಸಂಘಕ್ಕೆ ಹಾಲು ಬರುವುದು ಬೆಳಿಗ್ಗೆ ಮತ್ತು ಸಂಜೆ. ಸೂರ್ಯ ಚೆನ್ನಾಗಿ ಕರೆಂಟು ಕೊಡುವುದು ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರವರೆಗೆ. ಬಿಸಿಲು ಇದ್ದಾಗ ಹಾಲಿಲ್ಲ, ಹಾಲು ಬಂದಾಗ ಬಿಸಿಲಿಲ್ಲ. ಈ ಅಂತರವನ್ನು ತುಂಬುವುದೇ ಶೇಖರಣೆಯ ಕೆಲಸ.

ಕಿರುಜಾಲ ಎಂದರೇನು?

1905ರಲ್ಲಿ ಶಿವನಸಮುದ್ರದ ವಿದ್ಯುತ್ ಬೆಂಗಳೂರಿಗೆ ಬಂದಾಗ ಹರಿವು ಒಂದೇ ದಿಕ್ಕಿನದಾಗಿತ್ತು: ಅಲ್ಲಿ ಹುಟ್ಟಿ ಇಲ್ಲಿ ಉರಿಯುವುದು. ಈಗ ಹಾಗಿಲ್ಲ. ಕೃಷ್ಣರಾಜಪುರದಿಂದ ವೈಟ್‌ಫೀಲ್ಡ್ ಕಡೆಗೆ 2023ರ ಮಾರ್ಚ್‌ನಲ್ಲಿ ಆರಂಭವಾದ ಮೆಟ್ರೋ ರೈಲನ್ನೇ ನೋಡಿ. ರೈಲು ಹೊರಡುವಾಗ ಮೂರನೆಯ ಹಳಿಯಿಂದ ಕರೆಂಟು ಪಡೆಯುತ್ತದೆ. ಬ್ರೇಕ್ ಹಾಕುವಾಗ ಅದರ ಮೋಟಾರೇ ಜನರೇಟರ್ ಆಗಿ ಅದೇ ಹಳಿಗೆ ಕರೆಂಟನ್ನು ಹಿಂದಿರುಗಿಸುತ್ತದೆ. ಹತ್ತಿರದಲ್ಲಿ ಹೊರಡುವ ಇನ್ನೊಂದು ರೈಲಿಗೆ ಅದು ಉಪಯೋಗವಾಗುತ್ತದೆ.

ಒಂದು ಸಂಘದ ಕಟ್ಟಡದಲ್ಲಿ ಬೆಸ್ಕಾಂ ಸಂಪರ್ಕ, ಸೌರ ಫಲಕ, ಬ್ಯಾಟರಿ, ಡೀಸೆಲ್ ಜನರೇಟರ್ ನಾಲ್ಕೂ ಇದ್ದು, ಹೊರಗಿನ ಲೈನು ಸತ್ತಾಗಲೂ ಒಳಗಿನ ಕೆಲಸ ತಾನೇ ನಡೆಸಿಕೊಳ್ಳುವಂತಿದ್ದರೆ ಅದನ್ನು ಕಿರುಜಾಲ ಅಥವಾ ಮೈಕ್ರೋಗ್ರಿಡ್ ಎನ್ನುತ್ತಾರೆ. ಹೆಸರು ಹೊಸದು, ವಿಚಾರ ಹಳೆಯದು. 1948ರಲ್ಲಿ ಸ್ಥಾಪನೆಯಾದ ನಮ್ಮ ದೂರವಾಣಿನಗರದ ಐ.ಟಿ.ಐ. ಕಾರ್ಖಾನೆಯ ಹೆಸರು ಎಲ್ಲರಿಗೂ ಗೊತ್ತು. ಹಳೆಯ ಟೆಲಿಫೋನು ಊರಿನಲ್ಲಿ ಕರೆಂಟು ಹೋದಾಗಲೂ ಮಾತಾಡುತ್ತಿತ್ತು. ವಿನಿಮಯ ಕೇಂದ್ರದಲ್ಲಿ 48 ವೋಲ್ಟಿನ ಬ್ಯಾಟರಿ ಸಾಲು ಸದಾ ತುಂಬಿಕೊಂಡು ನಿಂತಿರುತ್ತಿದ್ದುದೇ ಅದಕ್ಕೆ ಕಾರಣ.

ನಮ್ಮ ಕಡೆಯ ಕೆರೆ ವ್ಯವಸ್ಥೆಯನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಯಲೆಮಲ್ಲಪ್ಪಶೆಟ್ಟಿ ಕೆರೆಯಂಥ ಒಂದು ಕೆರೆಯಲ್ಲಿ ನೀರು ಬರುವ ಕಾಲುವೆ, ನೀರು ಬಿಡುವ ತೂಬು, ಹೆಚ್ಚಾದದ್ದು ಹರಿದು ಹೋಗುವ ಕೋಡಿ ಇರುತ್ತವೆ. ಯಾವ ಗದ್ದೆಗೆ ಮೊದಲು, ಎಷ್ಟು ಹೊತ್ತು ಎಂದು ತೀರ್ಮಾನಿಸುವವನು ನೀರುಗಂಟಿ. ಕಿರುಜಾಲದಲ್ಲಿ ಬ್ಯಾಟರಿಯೇ ಕೆರೆ. ಚಾರ್ಜ್ ಕಂಟ್ರೋಲರ್ ಮತ್ತು ಇನ್ವರ್ಟರ್ ಒಳಗಿನ ನಿಯಂತ್ರಕವೇ ನೀರುಗಂಟಿ. ಕೆರೆ ಎಷ್ಟೇ ದೊಡ್ಡದಿರಲಿ, ತೂಬು ಹಾಕುವವರಿಲ್ಲದಿದ್ದರೆ ಕೊನೆಯ ಗದ್ದೆ ಒಣಗುವುದು ಖಂಡಿತ.

ಫಲಕವಿದ್ದರೂ ಕತ್ತಲೆ ಏಕೆ?

"ಚಾವಣಿ ತುಂಬ ಫಲಕ ಹಾಕಿದ್ದೇವೆ, ಕರೆಂಟು ಹೋದ ತಕ್ಷಣ ಅದೂ ನಿಂತುಹೋಗುತ್ತದಲ್ಲ, ಇದೆಂಥ ಮೋಸ?" ಎಂಬ ಪ್ರಶ್ನೆ ಸಾಮಾನ್ಯ. ಇದು ಮೋಸವಲ್ಲ, ರಕ್ಷಣೆ.

ಭಜನೆಯಲ್ಲಿ ಒಬ್ಬರು ತಾಳ ಹಾಕುತ್ತಾರೆ, ಉಳಿದವರು ಅದನ್ನು ಅನುಸರಿಸಿ ಹಾಡುತ್ತಾರೆ. ನಮ್ಮ ವಿದ್ಯುತ್ತಿನ ತಾಳ ಸೆಕೆಂಡಿಗೆ 50 ಆವರ್ತನ. ಲೈನಿಗೆ ಜೋಡಿಸಿದ ಸಾಮಾನ್ಯ ಸೌರ ಇನ್ವರ್ಟರ್ ಬೆಸ್ಕಾಂ ಲೈನಿನ ತಾಳವನ್ನು ಕೇಳಿಕೊಂಡು ಹಾಡುವಂಥದ್ದು. ಲೈನು ಸತ್ತರೆ ತಾಳ ನಿಂತಿತು, ಇನ್ವರ್ಟರ್ ಸಹ ಕ್ಷಣದಲ್ಲೇ ಮೌನವಾಗುತ್ತದೆ. ಹಾಗಾಗದೆ ಅದು ಲೈನಿಗೆ ಕರೆಂಟು ತಳ್ಳುತ್ತಲೇ ಇದ್ದರೆ, ಲೈನು ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮ್ಯಾನ್ ಪ್ರಾಣ ಕಳೆದುಕೊಳ್ಳುತ್ತಾನೆ.

ಕರೆಂಟು ಹೋದಾಗಲೂ ಫಲಕ ಕೆಲಸ ಮಾಡಬೇಕಾದರೆ ಎರಡು ವ್ಯವಸ್ಥೆ ಬೇಕು. ಒಂದು, ಹೊರಗಿನ ಲೈನಿನಿಂದ ನಮ್ಮ ಕಟ್ಟಡವನ್ನು ಪೂರ್ತಿ ಬೇರ್ಪಡಿಸುವ ಸ್ವಿಚ್ಚು. ಎರಡು, ಬ್ಯಾಟರಿಯ ಬಲದಿಂದ ತಾನೇ ತಾಳ ಹಾಕಬಲ್ಲ ಇನ್ವರ್ಟರ್. ಹೈಬ್ರಿಡ್ ಇನ್ವರ್ಟರ್‌ಗಳಲ್ಲಿ ಈ ಎರಡನ್ನೂ ಮಾಡುವ ಮಾದರಿಗಳಿವೆ, ಎಲ್ಲವೂ ಮಾಡುವುದಿಲ್ಲ. ಕೊಳ್ಳುವ ಮೊದಲು ಇದನ್ನು ಬರಹದಲ್ಲಿ ಕೇಳಿ ಪಡೆಯತಕ್ಕದ್ದು.

ಇನ್ನೊಂದು ಸ್ವಾರಸ್ಯ ಗಮನಿಸಿ. ಲೈನು ಇಲ್ಲ, ಬ್ಯಾಟರಿ ತುಂಬಿದೆ, ಬಿಸಿಲು ಜೋರಾಗಿದೆ. ಆಗ ಹೆಚ್ಚಿನ ಕರೆಂಟು ಎಲ್ಲಿಗೆ ಹೋಗಬೇಕು? ತಾಳ ಹಾಕುವ ಇನ್ವರ್ಟರ್ ತನ್ನ ಆವರ್ತನವನ್ನು 50ಕ್ಕಿಂತ ತುಸು ಏರಿಸುತ್ತದೆ. ಅದನ್ನು ಗುರುತಿಸುವಂತೆ ಹೊಂದಿಸಿದ ಸೌರ ಇನ್ವರ್ಟರ್ ತನ್ನ ಉತ್ಪಾದನೆಯನ್ನು ಇಳಿಸಿಕೊಳ್ಳುತ್ತದೆ. ಮಲೆನಾಡಿನ ತೋಟದ ಮನೆಗಳಲ್ಲಿ ತೊರೆಯ ನೀರಿನಿಂದ ಓಡುವ ಪುಟ್ಟ ಟರ್ಬೈನುಗಳಿಗೆ ಬೇರೊಂದು ಉಪಾಯವಿದೆ: ಮನೆಯ ಬಳಕೆ ಕಡಿಮೆಯಾದಾಗ ಉಳಿದ ಕರೆಂಟನ್ನು ನೀರು ಕಾಯಿಸುವ ಹೀಟರಿಗೆ ತಿರುಗಿಸುತ್ತಾರೆ. ಇದೇ ಕೋಡಿ. ನಮ್ಮ ಸಂಘಗಳಲ್ಲಿ ಕ್ಯಾನು ತೊಳೆಯಲು ಬಿಸಿನೀರು ಬೇಕೇ ಬೇಕು. ಹೆಚ್ಚಾದ ಬಿಸಿಲನ್ನು ಅಲ್ಲಿಗೆ ಹರಿಸಬಹುದು.

ಬ್ಯಾಟರಿಯೂ ಈದ ಹಸುವೂ

ಈದ ಹೊಸತರಲ್ಲಿ ಹಸು ತಿನ್ನುವುದಕ್ಕಿಂತ ಹೆಚ್ಚು ಶಕ್ತಿಯನ್ನು ಹಾಲಿನಲ್ಲಿ ಕೊಡುತ್ತದೆ. ಕೊರತೆಯನ್ನು ಮೈಯಲ್ಲಿ ಕೂಡಿಟ್ಟ ಕೊಬ್ಬಿನಿಂದ ತುಂಬಿಸಿಕೊಳ್ಳುತ್ತದೆ. ಮಿತಿಯಲ್ಲಿದ್ದರೆ ತೊಂದರೆಯಿಲ್ಲ, ಮಿತಿ ಮೀರಿ ಕರಗಿದರೆ ಕೀಟೋಸಿಸ್ ಬರುತ್ತದೆ, ಹಸು ಮತ್ತೆ ಬೆದೆಗೆ ಬರುವುದು ತಡವಾಗುತ್ತದೆ. ಅಂತೆಯೇ ಸಾಮಾನ್ಯ ಸೀಸ–ಆಮ್ಲ ಬ್ಯಾಟರಿಯನ್ನು ದಿನವೂ ತಳಮುಟ್ಟ ಬರಿದು ಮಾಡಿದರೆ ಅದರ ಆಯುಷ್ಯ ಬೇಗ ಮುಗಿಯುತ್ತದೆ. ಅರ್ಧಕ್ಕಿಂತ ಕೆಳಗೆ ಇಳಿಸದಿರುವುದು ಕ್ಷೇಮ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ನೂರಕ್ಕೆ 80ರವರೆಗೆ ಬಳಸಬಹುದು. ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು.

ತುಂಬಿಸುವಾಗಲೂ ಮಿತಿ ಬೇಕು. ಒಮ್ಮೆಲೇ ಹೆಚ್ಚು ಧಾನ್ಯ ತಿಂದ ಹಸುವಿಗೆ ಹೊಟ್ಟೆಯಲ್ಲಿ ಆಮ್ಲ ಏರುವಂತೆ, ಅತಿಯಾಗಿ ಚಾರ್ಜ್ ಆದ ಬ್ಯಾಟರಿ ಕುದಿದು ನೀರು ಕಳೆದುಕೊಳ್ಳುತ್ತದೆ. ಒಳ್ಳೆಯ ಚಾರ್ಜ್ ಕಂಟ್ರೋಲರ್ ಮೊದಲು ಧಾರಾಳವಾಗಿ, ಮುಕ್ಕಾಲು ತುಂಬಿದ ಮೇಲೆ ನಿಧಾನವಾಗಿ, ಕೊನೆಗೆ ಆರದಂತೆ ಹನಿಹನಿಯಾಗಿ ಕರೆಂಟು ಕೊಡುತ್ತದೆ.

500 ಲೀಟರ್ ಹಾಲಿನ ಲೆಕ್ಕ

ಈಗ ಪೆನ್ನು ಹಿಡಿದು ಲೆಕ್ಕ ಹಾಕೋಣ. ಸಂಜೆ 500 ಲೀಟರ್ ಹಾಲು ಬಂತೆನ್ನಿ. ತೂಕ ಸುಮಾರು 515 ಕೆ.ಜಿ. ಅದನ್ನು 35 ಡಿಗ್ರಿಯಿಂದ 4 ಡಿಗ್ರಿಗೆ, ಅಂದರೆ 31 ಡಿಗ್ರಿ ಇಳಿಸಬೇಕು. ಒಂದು ಕೆ.ಜಿ. ಹಾಲನ್ನು ಒಂದು ಡಿಗ್ರಿ ತಣಿಸಲು ಸುಮಾರು 3.9 ಕಿಲೋಜೌಲ್ ಶಾಖ ತೆಗೆಯಬೇಕು. ಒಟ್ಟು ತೆಗೆಯಬೇಕಾದ ಶಾಖ ಸುಮಾರು 62,000 ಕಿಲೋಜೌಲ್, ಅಂದರೆ 17 ಯೂನಿಟ್‌ಗೆ ಸಮ. ಕಂಪ್ರೆಸರ್ ಒಂದು ಯೂನಿಟ್ ಕರೆಂಟು ತಿಂದು ಸುಮಾರು ಎರಡೂವರೆ ಯೂನಿಟ್ ಶಾಖ ಹೊರಹಾಕುತ್ತದೆಂದು ಹಿಡಿದರೆ, ಬೇಕಾಗುವ ಕರೆಂಟು 7 ಯೂನಿಟ್.

ಮೊದಲನೆಯ ದಾರಿ: ಈ 7 ಯೂನಿಟ್ಟನ್ನು ಬ್ಯಾಟರಿಯಲ್ಲಿ ಕೂಡಿಡುವುದು. 12 ವೋಲ್ಟ್, 150 ಆಂಪಿಯರ್‌ಗಂಟೆಯ ಒಂದು ಬ್ಯಾಟರಿಯಲ್ಲಿ ಹಿಡಿಯುವುದು 1.8 ಯೂನಿಟ್. ಅರ್ಧ ಮಾತ್ರ ಬಳಸಬೇಕು, ಇನ್ವರ್ಟರಿನಲ್ಲಿ ನೂರಕ್ಕೆ 15ರಷ್ಟು ನಷ್ಟ. ಹೀಗೆ ನೋಡಿದರೆ ಒಂದು ಹೊತ್ತಿನ ಹಾಲಿಗೆ 9ರಿಂದ 10 ಬ್ಯಾಟರಿ ಬೇಕು. ಅಲ್ಲದೆ ಕಂಪ್ರೆಸರ್ ಮೋಟಾರು ಹೊರಡುವ ಕ್ಷಣದಲ್ಲಿ ಮಾಮೂಲಿನ 5ರಿಂದ 7 ಪಟ್ಟು ಕರೆಂಟು ಎಳೆಯುತ್ತದೆ. ಅದನ್ನು ತಾಳಲಾರದ ಇನ್ವರ್ಟರ್ ಟ್ರಿಪ್ ಆಗುತ್ತದೆ. ಸಾಫ್ಟ್ ಸ್ಟಾರ್ಟರ್ ಅಥವಾ ವೇಗ ನಿಯಂತ್ರಕ ಹಾಕಿದರೆ ಈ ಹೊಡೆತ ತಗ್ಗುತ್ತದೆ.

ಎರಡನೆಯ ದಾರಿ: ಕರೆಂಟಿನ ಬದಲು ತಂಪನ್ನೇ ಕೂಡಿಡುವುದು. ಒಂದು ಕೆ.ಜಿ. ಮಂಜುಗಡ್ಡೆ ಕರಗುವಾಗ 334 ಕಿಲೋಜೌಲ್ ಶಾಖ ಹೀರುತ್ತದೆ. ಇದರಿಂದ ಸುಮಾರು 2.7 ಲೀಟರ್ ಹಾಲು 35ರಿಂದ 4 ಡಿಗ್ರಿಗೆ ಇಳಿಯುತ್ತದೆ. 500 ಲೀಟರಿಗೆ 190 ಕೆ.ಜಿ. ಮಂಜುಗಡ್ಡೆ ಸಾಕು, ಸೋರಿಕೆ ಸೇರಿಸಿ 220 ಕೆ.ಜಿ. ಎನ್ನೋಣ. ಇದನ್ನು ಐಸ್ ಬ್ಯಾಂಕ್ ತೊಟ್ಟಿಯಲ್ಲಿ ಹಗಲು ಬಿಸಿಲಿರುವಾಗಲೇ ಕಟ್ಟಬಹುದು. ಮಂಜುಗಡ್ಡೆ ಕಟ್ಟಲು ಕಂಪ್ರೆಸರ್ ಹೆಚ್ಚು ದುಡಿಯಬೇಕಾದ್ದರಿಂದ 10 ಯೂನಿಟ್‌ನಷ್ಟು ಬೇಕಾದೀತು. ನಮ್ಮ ಭಾಗದಲ್ಲಿ ಒಂದು ಕಿಲೋವ್ಯಾಟ್ ಫಲಕ ಒಳ್ಳೆಯ ದಿನದಲ್ಲಿ ಸುಮಾರು 4 ಯೂನಿಟ್ ಕೊಡುತ್ತದೆ. 3 ಕಿಲೋವ್ಯಾಟ್ ಫಲಕದಿಂದ 12 ಯೂನಿಟ್ ಬರುತ್ತದೆ. ಲೆಕ್ಕ ಸರಿಹೋಯಿತು. ಸಂಜೆ ಕರೆಂಟು ಇಲ್ಲದಿದ್ದರೂ ತಣ್ಣೀರು ತಿರುಗಿಸುವ ಸಣ್ಣ ಪಂಪು ಮತ್ತು ಹಾಲು ಕಲಕುವ ಮೋಟಾರು ಓಡಿದರೆ ಸಾಕು. ಅಷ್ಟನ್ನು ಬ್ಯಾಟರಿ ನಡೆಸುತ್ತದೆ.

ಬಿ.ಎಂ.ಸಿ.ಗಳಲ್ಲಿ ಎರಡು ಬಗೆಯಿವೆ ಎಂಬುದನ್ನು ಮರೆಯಬಾರದು. ಶೀತಕ ಅನಿಲವೇ ನೇರವಾಗಿ ತೊಟ್ಟಿಯ ತಳವನ್ನು ತಣಿಸುವ ಬಗೆಯಲ್ಲಿ ಮಂಜುಗಡ್ಡೆಯ ಶೇಖರಣೆ ಇರುವುದಿಲ್ಲ. ಅದಕ್ಕೆ ಪ್ರತ್ಯೇಕ ಐಸ್ ಬ್ಯಾಂಕ್ ಜೋಡಿಸಬೇಕಾಗುತ್ತದೆ. ನಿಮ್ಮ ಸಂಘದಲ್ಲಿ ಯಾವುದಿದೆ ಎಂದು ಮೊದಲು ತಿಳಿದುಕೊಳ್ಳಿ.

ಹರಿವಿನ ಸರದಿ

ನಿಯಂತ್ರಕವನ್ನು ಹೊಂದಿಸುವಾಗ ಈ ಸರದಿ ಇರುವಂತೆ ನೋಡಿಕೊಳ್ಳಬೇಕು.

ಲೈನು ಇರುವಾಗ:
1. ಬಿಸಿಲಿನ ಕರೆಂಟು ಮೊದಲು ಆ ಕ್ಷಣ ಓಡುತ್ತಿರುವ ಕೆಲಸಕ್ಕೆ.
2. ಮಿಕ್ಕಿದ್ದು ಬ್ಯಾಟರಿ ತುಂಬಲು.
3. ಬ್ಯಾಟರಿ ತುಂಬಿದ ಮೇಲೆ ಮಂಜುಗಡ್ಡೆ ಕಟ್ಟಲು, ನಂತರ ಕ್ಯಾನು ತೊಳೆಯುವ ಬಿಸಿನೀರಿಗೆ.
4. ಅದಕ್ಕೂ ಮಿಕ್ಕಿದ್ದು ನೆಟ್ ಮೀಟರ್ ಮೂಲಕ ಲೈನಿಗೆ. ಬೆಸ್ಕಾಂ ವ್ಯಾಪ್ತಿಯಲ್ಲಿ ಚಾವಣಿ ಸೌರ ಘಟಕಗಳಿಗೆ ಈ ಪದ್ಧತಿ 2014ರಲ್ಲಿ ಆರಂಭವಾಯಿತು.

ಲೈನು ಹೋದಾಗ:
1. ಕಟ್ಟಡ ಲೈನಿನಿಂದ ತಾನಾಗಿಯೇ ಬೇರ್ಪಡಬೇಕು.
2. ಬ್ಯಾಟರಿಯಿಂದ ತೂಕದ ಯಂತ್ರ, ಹಾಲು ಪರೀಕ್ಷಾ ಯಂತ್ರ, ಕಂಪ್ಯೂಟರ್, ದೀಪ, ಕಲಕುವ ಮೋಟಾರು, ತಣ್ಣೀರು ಪಂಪು ಮಾತ್ರ ನಡೆಯಬೇಕು.
3. ಬ್ಯಾಟರಿ ಅರ್ಧಕ್ಕೆ ಇಳಿಯುವ ಮೊದಲೇ ಎಚ್ಚರಿಕೆಯ ಗಂಟೆ ಬಾರಿಸಬೇಕು.
4. ಆಗ ಜನರೇಟರ್ ಹಾಕಿ, ಕಂಪ್ರೆಸರ್ ಓಡಿಸುತ್ತಲೇ ಬ್ಯಾಟರಿಯನ್ನೂ ತುಂಬಿಸಿಕೊಳ್ಳಬೇಕು. ಎರಡು ದೀಪಕ್ಕಾಗಿ ದೊಡ್ಡ ಜನರೇಟರ್ ಓಡಿಸುವುದು ಡೀಸೆಲ್ ದಂಡ. ಹೊರೆಯಿಲ್ಲದೆ ಓಡುವ ಎಂಜಿನಿನಲ್ಲಿ ಮಸಿಯೂ ಕಟ್ಟುತ್ತದೆ.

ಎರಡನೆಯ ಪಟ್ಟಿಯ ಸಣ್ಣ ಯಂತ್ರಗಳೆಲ್ಲ ಸೇರಿ 300 ವ್ಯಾಟ್ ಎಂದುಕೊಂಡರೆ 4 ಗಂಟೆಗೆ 1.2 ಯೂನಿಟ್. 150 ಆಂಪಿಯರ್‌ಗಂಟೆಯ 2 ಬ್ಯಾಟರಿ ಸಾಕಾಗುತ್ತವೆ. ಪಂಪು ದೊಡ್ಡದಿದ್ದರೆ ಇನ್ನೊಂದು ಜೊತೆ ಸೇರಿಸಬೇಕು. 10 ಬ್ಯಾಟರಿ ಎಲ್ಲಿ, 2 ಅಥವಾ 4 ಎಲ್ಲಿ! ಹರಿವನ್ನು ವಿಂಗಡಿಸಿದ್ದರ ಲಾಭ ಇದು.

ಮೋಡ ಕವಿದ ದಿನಗಳಲ್ಲಿ ಫಲಕದ ಉತ್ಪಾದನೆ ಅರ್ಧಕ್ಕೂ ಕೆಳಗೆ ಬೀಳಬಹುದು. ಆಗ ರಾತ್ರಿ ಲೈನಿನ ಕರೆಂಟಿನಿಂದಲೇ ಮಂಜುಗಡ್ಡೆ ಕಟ್ಟಿಕೊಂಡರೆ ಬೆಳಗಿನ ಹಾಲಿಗೆ ಭಯವಿಲ್ಲ.

ಸದಸ್ಯರ ಮನೆಯಲ್ಲಿ

ಮನೆಯಲ್ಲಿ ಇನ್ವರ್ಟರ್ ಇಟ್ಟುಕೊಂಡವರಿಗೂ ಇದೇ ಸೂತ್ರ. ಮೇವು ಕತ್ತರಿಸುವ ಯಂತ್ರ, ಬೋರ್‌ವೆಲ್ ಮೋಟಾರು ಇವನ್ನು ಬ್ಯಾಟರಿಗೆ ಜೋಡಿಸಕೂಡದು. ಮೇವು ಕತ್ತರಿಸಿ ಇಡಬಹುದು, ತೊಟ್ಟಿಗೆ ನೀರು ತುಂಬಿಸಿ ಇಡಬಹುದು. ಕತ್ತರಿಸಿದ ಮೇವು, ತುಂಬಿದ ತೊಟ್ಟಿ ಇವೂ ಶೇಖರಿಸಿದ ಕರೆಂಟೇ ಅಲ್ಲವೇ?

ಹಾಲು ಕರೆಯುವ ಯಂತ್ರದ ಮಾತು ಬೇರೆ. ಕೆಚ್ಚಲು ಸವರಿದಾಗ ಹಸು ಹಾಲು ಇಳಿಬಿಡುತ್ತದೆ, ಅದರ ಪರಿಣಾಮ ಉಳಿಯುವುದು ಕೆಲವೇ ನಿಮಿಷ. ನಡುವೆ ಕರೆಂಟು ಹೋಗಿ ಯಂತ್ರ ನಿಂತರೆ ಕೆಚ್ಚಲಲ್ಲಿ ಹಾಲು ಉಳಿಯುತ್ತದೆ. ಪದೇ ಪದೇ ಹೀಗಾದರೆ ಹಾಲು ಕುಗ್ಗುತ್ತದೆ, ಕೆಚ್ಚಲು ಬಾವಿಗೆ ದಾರಿಯಾಗುತ್ತದೆ. ಆದ್ದರಿಂದ ಮನೆಯ ಬ್ಯಾಟರಿಯಲ್ಲಿ ಮೊದಲ ಹಕ್ಕು ಈ ಯಂತ್ರಕ್ಕೆ. ಅದರ ಮೋಟಾರನ್ನು ಹೊರಡಿಸುವ ಶಕ್ತಿ ಇನ್ವರ್ಟರಿಗೆ ಇದೆಯೇ ಎಂದು ಪರೀಕ್ಷಿಸಿ. ಹಾಗಿದ್ದರೂ ಕೈಯಲ್ಲಿ ಕರೆಯುವ ಅಭ್ಯಾಸ ಬಿಡಬೇಡಿ.

ವಾಸದ ಮನೆಗಳಿಗೆ ಕೇಂದ್ರ ಸರ್ಕಾರ 2024ರಲ್ಲಿ ಪ್ರಾರಂಭಿಸಿದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಚಾವಣಿ ಸೌರ ಘಟಕಕ್ಕೆ ಸಹಾಯಧನವಿದೆ. ಅದು ಲೈನಿಗೆ ಜೋಡಿಸುವ ಘಟಕವಾದ್ದರಿಂದ, ಕರೆಂಟು ಹೋದಾಗ ಬ್ಯಾಟರಿಯಿಲ್ಲದೆ ಅದೂ ನಿಲ್ಲುತ್ತದೆ ಎಂಬುದು ನೆನಪಿರಲಿ.

ಪ್ರಾಣದ ವಿಷಯದಲ್ಲಿ ಮೂರು ಎಚ್ಚರಿಕೆಗಳು

ಒಂದು: ಜನರೇಟರ್ ಅಥವಾ ಇನ್ವರ್ಟರಿನ ತಂತಿಯನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಮನೆಗೆ ಕರೆಂಟು ಕೊಡುವುದು ಸಲ್ಲದು. ಆ ಕರೆಂಟು ಹಿಂದಕ್ಕೆ ಹರಿದು ಟ್ರಾನ್ಸ್‌ಫಾರ್ಮರ್ ಮೂಲಕ ಮೇಲಿನ ಲೈನಿಗೆ ಏರುತ್ತದೆ. ಚೇಂಜ್ ಓವರ್ ಸ್ವಿಚ್ಚು ಇಲ್ಲದೆ ಜೋಡಣೆ ಮಾಡಲೇಬಾರದು.

ಎರಡು: ಅರ್ಥಿಂಗ್. ಒದ್ದೆ ನೆಲದಲ್ಲಿ ಬರಿಗಾಲಿನಲ್ಲಿ ನಿಂತ ಹಸುವಿನ ಮೈಯಲ್ಲಿ ಕರೆಂಟು ನಮಗಿಂತ ಸುಲಭವಾಗಿ ಹರಿಯುತ್ತದೆ. ನಮ್ಮ ಕೈಗೆ ಗೊತ್ತಾಗದ ಕೆಲವೇ ವೋಲ್ಟಿನ ಸೋರಿಕೆಗೂ ಹಸು ಬೆದರುತ್ತದೆ, ನೀರಿನ ತೊಟ್ಟಿಗೆ ಬಾಯಿ ಹಾಕುವುದಿಲ್ಲ, ಹಾಲು ಇಳಿಬಿಡುವುದಿಲ್ಲ. ಕಾರಣವಿಲ್ಲದೆ ಹೀಗಾದರೆ ಪಶುವೈದ್ಯರೊಂದಿಗೆ ವೈರಿಂಗ್ ಕೆಲಸದವರನ್ನೂ ಕರೆಸಿ. ಸೋರಿಕೆಯಾದೊಡನೆ ಕರೆಂಟು ಕಡಿಯುವ ಬ್ರೇಕರನ್ನು ಕೊಟ್ಟಿಗೆಗೆ ತಪ್ಪದೆ ಹಾಕಿಸಿ.

ಮೂರು: ಹಳೆಯ ಬ್ಯಾಟರಿ. ಸೀಸದ ಫಲಕಗಳನ್ನು, ಬ್ಯಾಟರಿ ಒಡೆದ ಜಾಗದ ಮಣ್ಣನ್ನು ದನಗಳು, ಅದರಲ್ಲೂ ಕರುಗಳು ನೆಕ್ಕುತ್ತವೆ. ಸೀಸದ ವಿಷವೇರಿದರೆ ಕಣ್ಣು ಕಾಣದಾಗುವುದು, ಹಲ್ಲು ಕಡಿಯುವುದು, ತಲೆಯನ್ನು ಗೋಡೆಗೆ ಒತ್ತುವುದು, ನಡುಕ, ಕೊನೆಗೆ ಸಾವು. ಹಾಲಿನಲ್ಲಿಯೂ ಸೀಸ ಇಳಿಯುತ್ತದೆ. ಹಳೆಯ ಬ್ಯಾಟರಿಯನ್ನು ಕೊಟ್ಟಿಗೆಯ ಮೂಲೆಯಲ್ಲಿ ಇಡದೆ ಹೊಸದನ್ನು ಕೊಳ್ಳುವ ಅಂಗಡಿಗೇ ಹಿಂದಿರುಗಿಸಬೇಕು. ಬ್ಯಾಟರಿ ಇಟ್ಟ ಕೋಣೆಗೆ ಗಾಳಿಯಾಡಬೇಕು. ಚಾರ್ಜ್ ಆಗುವಾಗ ಹೊರಡುವ ಅನಿಲ ಹೊತ್ತಿಕೊಳ್ಳುವಂಥದ್ದು, ಅಲ್ಲಿ ಬೀಡಿ ಸೇದಕೂಡದು.

ಸರ್ವ ಸದಸ್ಯರ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಸಂಘದ ಹಣದಿಂದ ಸೌರ ಘಟಕ ಹಾಕುವ ನಿರ್ಣಯ ಬಂದಾಗ ಸದಸ್ಯರು ಕೈಯೆತ್ತುವ ಮೊದಲು ಇವನ್ನು ಕೇಳತಕ್ಕದ್ದು.

1. ಲೈನು ಇಲ್ಲದಾಗ ಈ ಘಟಕ ಕೆಲಸ ಮಾಡುತ್ತದೆಯೇ? ಎಷ್ಟು ಗಂಟೆ, ಯಾವ ಯಂತ್ರಗಳಿಗೆ?
2. ಕಂಪ್ರೆಸರ್ ಹೊರಡುವ ಕರೆಂಟನ್ನು ಇನ್ವರ್ಟರ್ ತಾಳುತ್ತದೆಯೇ? ಎದುರಿಗೇ ಓಡಿಸಿ ತೋರಿಸುವರೇ?
3. ಬ್ಯಾಟರಿ ಎಷ್ಟಕ್ಕೆ ಇಳಿದಾಗ ತಾನಾಗಿ ಕಡಿತವಾಗುತ್ತದೆ?
4. ಐಸ್ ಬ್ಯಾಂಕ್ ಸೇರಿಸಿದರೆ ಬ್ಯಾಟರಿಯ ಖರ್ಚು ಎಷ್ಟು ಉಳಿಯುತ್ತದೆ?
5. ನಿಯಂತ್ರಕ ಕೆಟ್ಟರೆ ಎಷ್ಟು ದಿನದಲ್ಲಿ ರಿಪೇರಿ? ಅಲ್ಲಿಯವರೆಗೆ ಹಾಲಿನ ಗತಿಯೇನು?

ಐದನೆಯ ಪ್ರಶ್ನೆಗೆ ಸರಿಯಾದ ಉತ್ತರ ಬರದಿದ್ದರೆ ನಿರ್ಣಯವನ್ನು ಮುಂದಿನ ಸಭೆಗೆ ಮುಂದೂಡುವುದೇ ಲೇಸು. ಕೃಷ್ಣರಾಜಪುರದ ಸುತ್ತ ಹೊಲ, ಗೋಮಾಳ ಕಡಿಮೆಯಾಗಿ, ಮೇವನ್ನು ಕೊಂಡು ತಂದು ಹಸು ಸಾಕುವವರೇ ಹೆಚ್ಚು. ಅಂಥವರಿಗೆ ವಾಪಸಾದ ಒಂದು ಹೊತ್ತಿನ ಹಾಲು ಮೂರು ದಿನದ ಲಾಭವನ್ನು ನುಂಗಬಲ್ಲದು. ಹಗಲಿನ ಬಿಸಿಲನ್ನು ಸಂಜೆಯ ಹಾಲಿಗೆ ತಲುಪಿಸುವ ಸರದಿಯನ್ನು ಸಂಘದ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆಸಿ ಹಾಕಿ. ತೂಬು ಯಾವಾಗ ತೆಗೆಯಬೇಕು, ಯಾವಾಗ ಹಾಕಬೇಕು ಎಂಬುದು ಕಾರ್ಯದರ್ಶಿಗೆ ಮಾತ್ರವಲ್ಲ, ಹಾಲು ಪರೀಕ್ಷಕರಿಗೂ ಸದಸ್ಯರಿಗೂ ತಿಳಿದಿರಲಿ.